ನಲ್ಲಿ ನೀರು ಹದಕ್ಕೆ ಬಂದಿದೆ

ರಾಯರೇ, ಮೊನ್ನೆ ಕಾಂಪೌಂಡಿನ ಆಚೆಯಿಂದ ಕೇಳಿದ್ರಲ್ಲ, ಫಿಲ್ಮ್ ತೊಳೆಯೋದು ಬಿಟ್ಟುಬಿಟ್ರಾ ಅಂತ. ಬಿಟ್ಟಿಲ್ಲ, ನವೆಂಬರ್ ಬರಲಿ ಅಂತ ಕಾಯ್ತಿದ್ದೆ.

ಕಪ್ಪು-ಬಿಳುಪು ಫಿಲ್ಮಿಗೆ ಡೆವಲಪರ್ 20 ಡಿಗ್ರಿ ಇದ್ರೆ ಚೆನ್ನ. ನಮ್ಮ ನೋಯ್ಡಾದ ಜೂನ್‌ನಲ್ಲಿ ತಾರಸಿ ಟ್ಯಾಂಕಿನ ನೀರು ಕೈ ಸುಡುತ್ತೆ. ಟಬ್ಬಿಗೆ ಐಸ್ ಸುರಿದು ಬಾಟಲಿಗಳನ್ನ ಅದರಲ್ಲಿ ಕೂರಿಸಬೇಕು. ಡೆವಲಪರ್ ತಣ್ಣಗಿದ್ದು ತೊಳೆಯೋ ನೀರು ಬಿಸಿಯಾಗಿಬಿಟ್ರೆ ಫಿಲ್ಮಿನ ಜೆಲಟಿನ್ ಪದರ ಹಾಲಿನ ಕೆನೆ ಥರ ಸುಕ್ಕುಗಟ್ಟುತ್ತೆ. ಜನವರಿಯಲ್ಲಿ ಬಿಸಿನೀರು ಬೆರೆಸೋ ಪಾಡು. ನಿನ್ನೆ ನಲ್ಲಿಗೆ ಥರ್ಮಾಮೀಟರ್ ಹಿಡಿದೆ, 21!

ರಾತ್ರಿ ಬಚ್ಚಲ ಬಾಗಿಲ ಸಂದಿಗೆ ಟವೆಲ್ ತುರುಕಿ, ಗವ್ವೆನ್ನೋ ಕತ್ತಲಲ್ಲಿ 120 ರೋಲಿನ ಹಿಂದಿನ ಕಾಗದ ಬಿಡಿಸಿ ಫಿಲ್ಮನ್ನ ರೀಲಿಗೆ ಸುತ್ತಿದೆ. ಇಲ್‌ಫರ್ಡ್ ಎಚ್‌ಪಿ5 ಫಿಲ್ಮ್, ಐಡಿ-11 ಡೆವಲಪರಲ್ಲಿ ಏಳೂವರೆ ನಿಮಿಷ. ಕೊನೇ ಸಲ ಜಾಲಿಸೋದು ಮಾತ್ರ ಆರ್‌ಓ ನೀರಲ್ಲೇ, ಇಲ್ಲಿನ ಗಡಸು ನೀರು ಒಣಗಿದ್ರೆ ಬಿಳಿ ಕಲೆ ಉಳಿಯುತ್ತೆ. ಬಚ್ಚಲಲ್ಲಿ ಮೊದಲೇ ಹಬೆ ಆಡಿಸಿ ಧೂಳು ಕೂರಿಸಿದ್ದೆ. ಬೆಳಿಗ್ಗೆ ಹನ್ನೆರಡೂ ಚಿತ್ರ ದಾರದಲ್ಲಿ ತೂಗ್ತಿದ್ವು.

ಅದು ಸರಿ, ನಿಮ್ಮ ತಂದೆಯವರ ನೆಗೆಟಿವ್ ಡಬ್ಬಿಯ ವಿಷಯಕ್ಕೆ ಬರ್ತೀನಿ. ಬೆಳಕಿನ ಹಲಗೆ ಮೇಲೆ ಒಂದೊಂದೇ ನೆಗೆಟಿವ್ ಇಟ್ಟು, ಮೇಲಿಂದ ಮ್ಯಾಕ್ರೊ ಲೆನ್ಸಲ್ಲಿ ತೆಗೆದು, ಕಂಪ್ಯೂಟರಲ್ಲಿ ಕಪ್ಪನ್ನ ಬಿಳುಪು ಮಾಡಿದೆ. ಇಂಡಿಯಾ ಗೇಟ್ ಮುಂದೆ ನಿಮ್ಮ ತಾಯಿ ನಿಂತಿದಾರೆ. ಹಿಗ್ಗಿಸ್ತಾ ಹೋದೆ, ಸೀರೆ ಅಂಚಿನ ರುದ್ರಾಕ್ಷಿ ಕಂಡಿತು. ಇನ್ನೂ ಹಿಗ್ಗಿಸಿದೆ, ಕೈಗಡಿಯಾರದಲ್ಲಿ ಹತ್ತೂಕಾಲು! ಸಣ್ಣ 35 ಎಂಎಂ ಫಿಲ್ಮಲ್ಲಿ ಇಷ್ಟು ಸಿಕ್ತಿರಲಿಲ್ಲ. ಈ ಚೌಕ ನೆಗೆಟಿವಿನ ಒಂದೊಂದು ಬದಿ 56 ಮಿಲಿಮೀಟರ್, 35 ಎಂಎಂನ ಮೂರೂವರೆ ಪಟ್ಟಿಗೂ ಹೆಚ್ಚು ಜಾಗ.

ಕಾಪಿ ಆಯ್ತಲ್ಲ, ಡಬ್ಬಿ ಕಬಾಡಿಯವನಿಗೆ ಹಾಕಿಬಿಡಿ ಅಂದ್ರಿ. ಹಾಗೆ ಮಾತ್ರ ಮಾಡಬೇಡಿ. ನಾನು ತೆಗೆದದ್ದು ಇವತ್ತಿನ ಕ್ಯಾಮರಾಕ್ಕೆ ಕಂಡಷ್ಟು. ನಾಳೆ ಇನ್ನೂ ಒಳ್ಳೇದು ಬಂದ್ರೆ ಮತ್ತೆ ತೆಗೀಬಹುದು, ನೆಗೆಟಿವ್ ಇದ್ರೆ. ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ರೋಲಿಫ್ಲೆಕ್ಸ್ ಕ್ಯಾಮರಾ ಹಿಡಿದು ಇದೇ ದಿಲ್ಲಿಯಲ್ಲಿ ಓಡಾಡಿದವರು. ಅವರ ಸಂಗ್ರಹವನ್ನ ಇಲ್ಲಿನ ಅಲ್ಕಾಜಿ ಪ್ರತಿಷ್ಠಾನ ಇವತ್ತಿಗೂ ಜೋಪಾನ ಮಾಡ್ತಿದೆ. ನಿಮ್ಮ ಮನೆಯ ಮಟ್ಟಿಗೆ ಆ ಡಬ್ಬಿಯೂ ಅಷ್ಟೇ ದೊಡ್ಡದು.

ಸಂಜೆ ತಂದುಕೊಡ್ತೀನಿ, ಒಂದೊಂದನ್ನೂ ಕಾಗದದ ಕವರಲ್ಲಿ ಹಾಕಿಟ್ಟಿದೀನಿ. ಅಟ್ಟದ ಮೇಲೆ ಬೇಡ, ಬೇಸಿಗೆಯಲ್ಲಿ ಬೇಯುತ್ತೆ. ಬೀರುವಿನ ನಡುವಿನ ಅರೆಯಲ್ಲಿ, ಪಸೆ ಇಲ್ಲದ ಕಡೆ ಇಡಿ.