ಚಕ್ಕರ್ ಮಾಸ್ತರು

ಕಮಲಾಪುರದಿಂದ ಕಲಬುರಗಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಕುತ್ತಿಗೆಗೆ ಪಟ್ಟಾ, ಕಂಕುಳಲ್ಲಿ ಸ್ಕ್ಯಾನಿಂಗ್ ಫಿಲ್ಮಿನ ಚೀಲ, ಕೈಯಲ್ಲಿ ಡಾಕ್ಟರಿಗೆಂದು ಒಂದು ಡಜನ್ ಕೆಂಪು ಬಾಳೆಹಣ್ಣು. ಹಿಂದಿನಿಂದ ಯಾರಾದರೂ "ಶರಣ್ರೀ ಸರ" ಅಂದರೆ ಕುತ್ತಿಗೆ ತಿರುಗುವುದಿಲ್ಲ. ಇಡೀ ಮಾಸ್ತರರೇ ತಿರುಗಬೇಕು. ಗುರುತಿಲ್ಲದವರು ಇದನ್ನು ನಿವೃತ್ತಿಯ ನಂತರವೂ ಇಳಿಯದ ಸೊಕ್ಕು ಅಂದುಕೊಳ್ಳುತ್ತಾರೆ.

"ಆರಾಮ ಇದೀರೇನ್ರಿ?" ಎಂದು ಮಾತ್ರ ಕೇಳಬಾರದು. ಕೇಳಿದರೆ ಕಲಬುರಗಿ ಬರುವ ತನಕ ಬಿಡುಗಡೆಯಿಲ್ಲ.

"ಮಗ್ಗಲಾ ಹೊಳ್ಳಿದ್ರ ಮನಿ ತಿರಗ್ತದ. ನಡದ್ರ ನೆಲ ಒಂದ್ ಕಡಿ ಜಗ್ತದ. ಬಿಪಿ ನಾರ್ಮಲ್, ಶುಗರ್ ನಾರ್ಮಲ್, ಎಮ್ಮಾರೈನೂ ನಾರ್ಮಲ್ ಅಂತ!"

ಆ ನಾರ್ಮಲ್ಲನ್ನು ಅವರು ಬೈಗುಳದ ಹಾಗೆ ಉಚ್ಚರಿಸುತ್ತಾರೆ.

ಬಸ್ಸಿನ ತುಂಬ ವೈದ್ಯರೇ. ಹಿಂದಿನ ಸೀಟಿನ ಆಯಿಯ ಪ್ರಕಾರ ದೃಷ್ಟಿ, ಕಂಡಕ್ಟರನ ಪ್ರಕಾರ ಪಿತ್ತ, ಕಾಲೇಜು ಹುಡುಗನ ಪ್ರಕಾರ ಮೊಬೈಲು. ಮಾಸ್ತರರು ಯಾರಿಗೂ ಇಲ್ಲ ಅಂದವರಲ್ಲ. ಮೆಣಸಿನಕಾಯಿ ನಿವಾಳಿಸಿಕೊಂಡರು, ಜೀರಿಗೆ ನೀರು ಕುಡಿದರು, ಮೇ ತಿಂಗಳಲ್ಲೂ ಪಟ್ಟಾ ಬಿಚ್ಚಲಿಲ್ಲ. ಕಲಬುರಗಿಯ ಮೇ ಕಂಡವರಿಗೆ ಇದೆಂಥ ತಪಸ್ಸೆಂದು ಗೊತ್ತು.

ಕಡೆಗೆ ಒಬ್ಬ ಕಿವಿ ಡಾಕ್ಟರು ಅವರ ತಲೆ ಹೊರಳಿಸಿ, ದಡಕ್ಕನೆ ಮಲಗಿಸಿ, ಕಣ್ಣುಗುಡ್ಡೆ ಕುಣಿಯುವುದನ್ನು ಕಂಡರು. ಒಳಗಿವಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಜಾಗ ಬಿಟ್ಟು ಅರ್ಧವೃತ್ತದ ನಾಳಕ್ಕೆ ಜಾರಿದ್ದವು. ತಲೆ ಅಲುಗಿದರೆ ತಿರುಗೀತೆಂದು ಬಿಗಿಹಿಡಿದೇ ಕುತ್ತಿಗೆಯೂ ಮರಗಟ್ಟಿರಬೇಕು ಅಂದರು. ಅಮೆರಿಕದ ಜಾನ್ ಎಪ್ಲಿ ತಲೆ ಹೊರಳಿಸಿಯೇ ಈ ಹರಳನ್ನು ನಾಳದಿಂದ ಹೊರಗೆ ಸಾಗಿಸುವ ಉಪಾಯ ತೋರಿಸಿದಾಗ ವೈದ್ಯರೇ ನಕ್ಕಿದ್ದರು. ಕಿವಿ ಡಾಕ್ಟರು ಮಾಸ್ತರರಿಗೂ ಆ ಉಪಾಯವನ್ನೇ ಮಾಡಿದರು. ಮನೆ ತಿರುಗುವುದು ನಿಂತಿತು.

"ಶಾಬಾದ್ ಪರಸಿನೂ ಅದೇ ಸುಣ್ಣದಕಲ್ಲಲ್ಲೇನ್ರಿ? ನಮ್ ಜಿಲ್ಲಾದ ಕಲ್ಲು ನಮ್ ಕಿವ್ಯಾಗ!" ಎಂದು ವಾರವಿಡೀ ಹೇಳಿಕೊಂಡು ತಿರುಗಿದರು. ಆಮೇಲೆ ಮಂಕಾದರು. ಹೆಸರಿಲ್ಲದ ರೋಗಕ್ಕೆ ಇದ್ದ ಮರ್ಯಾದೆ ಹೆಸರು ಗೊತ್ತಾದದ್ದಕ್ಕೆ ಎಲ್ಲಿ? ಕಿಟಕಿ ಪಕ್ಕದ ಸೀಟು ಬಿಟ್ಟುಕೊಡುವವರೂ ಕಡಿಮೆಯಾದರು. ಹೆಂಡತಿಯಂತೂ ಕಿರಾಣಿ ಚೀಟಿಯನ್ನೇ ಕೈಗಿಟ್ಟರು.

ಮೊನ್ನೆ ಮತ್ತೆ ಸಿಕ್ಕರು. ಪಟ್ಟಾ ಇತ್ತು, ಬಾಳೆಹಣ್ಣಿತ್ತು, ಮುಖದಲ್ಲಿ ಕಳೆಯೂ ಇತ್ತು.

"ನೆಲ ಜಗ್ಗೂದು ಹಂಗೇ ಉಳದದ್ರಿ. ಯಾಕಂತ ಡಾಕ್ಟರ್‌ಗೂ ತಿಳಿವಲ್ದು," ಅಂದರು. ಸ್ವಲ್ಪ ತಡೆದು, ಪಕ್ಕದ ಸೀಟಿಗೂ ಕೇಳುವಂತೆ, "ಸೋಲಾಪುರಕ್ಕ ಬರದ್ ಕೊಟ್ಟಾರ!"