ಮೆಣಸಿನಕಾಯಿ ಪೇಟೆಗಿಲ್ಲದ ಟೈಮ್‌ಟೇಬಲ್ಲು

ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಸೋಮವಾರ, ಗುರುವಾರ. ಅದಕ್ಕೆ ‘ತಾತ್ಕಾಲಿಕ ವೇಳಾಪಟ್ಟಿ’ಯೂ ಇಲ್ಲ, ‘ಪರಿಷ್ಕೃತ’ವೂ ಇಲ್ಲ. ಅಗಡಿಯ ರೈತ ಚೀಲ ಹೊಲಿದು ಹೊರಟರಾಯಿತು.

ಅವನ ಮಗ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದರೆ ಕಥೆಯೇ ಬೇರೆ. ಹಾವೇರಿಯ ದೇವಗಿರಿಯಲ್ಲಿ 2007ರಲ್ಲಿ ಶುರುವಾದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಪಾಠ ಅಲ್ಲಿ; ಪರೀಕ್ಷೆಯ ದಿನ ನಿಗದಿಯಾಗುವುದು ಮಾತ್ರ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ವಿಟಿಯು).

‘ಪರೀಕ್ಷಾ ಯಾವಾಗೋ ತಮ್ಮಾ?’

‘ಇನ್ನಾ ಫೈನಲ್ ಆಗಿಲ್ಲಪ್ಪಾ.’

ಮೂರನೇ ಸೆಮಿಸ್ಟರಿನ ಗಣಿತ ಉಳಿಸಿಕೊಂಡು ಐದಕ್ಕೆ ಬಂದವನು ಮೊಬೈಲಿನಲ್ಲಿ ಪಟ್ಟಿ ಹಿಗ್ಗಿಸಿ, ಬೆಳಿಗ್ಗೆ ಯಾವುದು ಮಧ್ಯಾಹ್ನ ಯಾವುದು ಎಂದು ಹುಡುಕುತ್ತಾನೆ. ಆ ಏಕಾಗ್ರತೆ ಪುಸ್ತಕಕ್ಕೆ ಸಿಕ್ಕಿದ್ದರೆ ಗಣಿತ ಎಂದೋ ಪಾಸಾಗುತ್ತಿತ್ತು!

ತಮಾಷೆಯೆಂದರೆ, ಈ ಗೋಳೇ ಅವನ ಪಠ್ಯ. ಒಂದೊಂದು ವಿಷಯಕ್ಕೆ ಒಂದೊಂದು ಚುಕ್ಕಿ. ಒಬ್ಬನೇ ಬರೆಯಬೇಕಾದ ಎರಡು ವಿಷಯಗಳ ನಡುವೆ ಗೆರೆ. ಗೆರೆಯ ಎರಡು ತುದಿಗೆ ಬೇರೆ ಬೇರೆ ಬಣ್ಣ. ಒಂದು ಬಣ್ಣವೆಂದರೆ ಪರೀಕ್ಷೆಯ ಒಂದು ಹೊತ್ತು. ಇದೇ ಗ್ರಾಫ್ ಕಲರಿಂಗ್. ಇಷ್ಟೇ ಬಣ್ಣ ಸಾಕೇ ಎಂಬ ಪ್ರಶ್ನೆ ‘ಎನ್‌ಪಿ-ಕಂಪ್ಲೀಟ್’ ಎಂದು ಗಣಕ ವಿಜ್ಞಾನಿ ರಿಚರ್ಡ್ ಕಾರ್ಪ್ 1972ರಲ್ಲೇ ತೋರಿಸಿದರು. 1976ರಲ್ಲಿ ಈವನ್, ಇಟಾಯ್, ಶಮೀರ್ ಎಂಬ ಮೂವರು ತರಗತಿಯ ವೇಳಾಪಟ್ಟಿಯೂ ಅದೇ ಜಾತಿಯದೆಂದು ಸಾಧಿಸಿದರು. ಈ ಜಾತಿಯ ಪ್ರಶ್ನೆಗಳಿಗೆ ಎಲ್ಲ ಸಂದರ್ಭಕ್ಕೂ ಬೇಗ ಉತ್ತರ ಕೊಡುವ ವಿಧಾನ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ.

ಹಾಗಾಗಿ ಪಟ್ಟಿ ಮಾಡುವವರ ಮೇಲೆ ಕೊಂಚ ಕನಿಕರವಿರಲಿ. ಆದರೆ ಬದಲಾದ ದಿನವನ್ನು ಎರಡು ದಿನ ಮೊದಲೇ ತಿಳಿಸುವುದಕ್ಕೆ ಯಾವ ಕಾರ್ಪ್ ಸಾಹೇಬರ ಅಡ್ಡಿಯೂ ಇಲ್ಲ. ಅಷ್ಟನ್ನಾದರೂ ಮಾಡಿ, ಸ್ವಾಮಿ!