ಮುಂದಿನ ಪುಟ, ತಾತ!

ಮಾರಿಕುಪ್ಪಂನಲ್ಲಿ ರೈಲು ಹತ್ತಿದ ಪಕ್ಕದ ಮನೆ ಹುಡುಗಿ ಮೊಬೈಲಿನಿಂದ ತಲೆಯೆತ್ತಲಿಲ್ಲ. ಊರ್ಗಾಂ ಹೋಯಿತು, ಕೋರಮಂಡಲ್ ಹೋಯಿತು. ರೀಲ್ಸ್ ಇರಬೇಕೆಂದು ಇಣುಕಿದರೆ ಕಥೆ! ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನದು, ಬಿಡಿಗಾಸು ಕೊಡಬೇಕಿಲ್ಲ. ಬೈಯಲು ತೆರೆದ ಬಾಯಿಂದ ಆಕಳಿಸಿ ಸುಮ್ಮನಾದೆ.

ಆದರೂ ಹಿರಿತನ ಬಿಡುತ್ತದೆಯೇ? ಚೀಲದಿಂದ ನಮ್ಮ ಜಿಲ್ಲೆಯವರೇ ಆದ ಮಾಸ್ತಿಯವರ ಹಳೇ ಕಥಾಸಂಪುಟ ತೆಗೆದು, "ನೋಡಮ್ಮ, ಇದಕ್ಕೆ ಚಾರ್ಜು ಬೇಡ" ಎಂದೆ. ಅಷ್ಟರಲ್ಲಿ ನಾಲ್ಕು ಹಾಳೆ ಉದುರಿ ಸೀಟಿನಡಿ ಸೇರಿದವು.

"ತಾತ, ನಿಮ್ಮ ಕಥೆ ಇಳಿದ್ಹೋಯ್ತು!"

ಬಂಗಾರಪೇಟೆಯಲ್ಲಿ ಪಾನಿಪುರಿ. ಇಲ್ಲಿಯ ಪಾನಿ ನಲ್ಲಿ ನೀರಿನಷ್ಟು ತಿಳಿ. ನಂಬಿ ಕುಡಿದವರ ಕಣ್ಣಲ್ಲೂ ಅಷ್ಟೇ ತಿಳಿನೀರು. ಅವಳ ಕೈಯೆಲ್ಲ ಒದ್ದೆ, ಮೊಬೈಲು ನನ್ನ ಕೈಗೆ ಬಂತು.

"ಮುಂದಿನ ಪುಟ, ತಾತ!"

ಎಲ್ಲಿ ಒತ್ತಿದೆನೋ, ಕನ್ನಡದ ಕಥೆ ತಮಿಳಾಗಿ ಕೂತಿತು. ನಾನು ಗಾಬರಿ. ಅವಳೋ ಕೆಜಿಎಫ್ ಕೂಸು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ತೆಲುಗು.

"ಹಾಗೇ ಇರ್ಲಿ ಬಿಡಿ, ಪಾಟಿಗೆ ಓದಿಸ್ತೀನಿ" ಎಂದು ಇನ್ನೊಂದು ಪೂರಿ ಬಾಯಿಗಿಟ್ಟಳು.